ನಿಮ್ಮ ಡ್ರೋನ್‌ನಲ್ಲಿರುವ ಮುಕ್ತ ತಂತ್ರಾಂಶದ ಮೂಲಕೋಡನ್ನು ಕಂಪನಿಯಿಂದ ಕೇಳಿ ಪಡೆಯುವ ಬಗೆ

ಹವ್ಯಾಸಕ್ಕೆಂದು ಡ್ರೋನ್ ಕಟ್ಟಿ ಹಾರಿಸುವವರ ಮೇಜಿನ ಮೇಲಿರುವ, ಹಾರಾಟವನ್ನು ನಿಯಂತ್ರಿಸುವ ಬೋರ್ಡಾದ ಫ್ಲೈಟ್ ಕಂಟ್ರೋಲರ್, ಕೈಯಲ್ಲಿ ಹಿಡಿಯುವ ರೇಡಿಯೊ, ಅದರ ಸಂಕೇತ ಪಡೆಯುವ ರಿಸೀವರ್, ಮೋಟಾರಿನ ವೇಗವನ್ನು ಹತೋಟಿಯಲ್ಲಿಡುವ ಇಎಸ್‌ಸಿ, ಇವುಗಳಲ್ಲಿ ಓಡುವ ತಂತ್ರಾಂಶದ ಬಹುಪಾಲು ಸ್ವಯಂಸೇವಕರು ಬರೆದದ್ದು. ಬೀಟಾಫ್ಲೈಟ್, ಐನ್ಯಾವ್, ಆರ್ಡುಪೈಲಟ್, ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಮತ್ತು ಎಎಂ32, ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಮೂರನೆಯ ಆವೃತ್ತಿಯಡಿ ಬಂದಿವೆ. ರೇಡಿಯೊಗಳಲ್ಲಿರುವ ಎಡ್ಜ್‌ಟಿಎಕ್ಸ್ ಎರಡನೆಯ ಆವೃತ್ತಿಯಡಿ ಇದೆ. ಈ ಪರವಾನಗಿ ಕಂಪನಿಗಳಿಂದ ಹಣ ಕೇಳುವುದಿಲ್ಲ. ಬಳಸಿರಿ, ತಿದ್ದಿರಿ, ಮಾರಿರಿ, ಆದರೆ ಯಾರ ಕೈಗೆ ಸಾಧನವನ್ನು ಕೊಡುತ್ತೀರೋ ಅವರಿಗೆ ಮೂಲಕೋಡನ್ನೂ (ತಂತ್ರಾಂಶದ, ಮನುಷ್ಯರು ಓದಿ ತಿದ್ದಬಹುದಾದ ರೂಪ) ಅದೇ ಹಕ್ಕುಗಳನ್ನೂ ಕೊಡಿರಿ ಎಂಬುದಷ್ಟೇ ಅದರ ಷರತ್ತು. ಈ ಒಂದು ಷರತ್ತನ್ನೂ ಪಾಲಿಸದ ಕಂಪನಿಗಳು ಹವ್ಯಾಸಿ ಡ್ರೋನ್‌ಗಳ ಮಾರುಕಟ್ಟೆಯಲ್ಲಿ ಇವೆ.

ಇದು ಬರೀ ತತ್ತ್ವದ ಮಾತಲ್ಲ ಎಂಬುದು ನನಗೆ ಮನದಟ್ಟಾದದ್ದು ಒಂದು ಬೋರ್ಡಿನಿಂದ. ಹೊಸ ಬಗೆಯ ಜೈರೊ ಚಿಪ್ (ಓಲಾಟವನ್ನು ಅಳೆಯುವ ಸಂವೇದಕ) ಕೂರಿಸಿದ್ದ ಆ ಫ್ಲೈಟ್ ಕಂಟ್ರೋಲರ್, ಕಂಪನಿ ಹಾಕಿಕೊಟ್ಟ ಫರ್ಮ್‌ವೇರ್‌ನಲ್ಲಿ (ಸಾಧನದೊಳಗೆ ಓಡುವ ತಂತ್ರಾಂಶದಲ್ಲಿ) ಚೆನ್ನಾಗಿಯೇ ಹಾರುತ್ತಿತ್ತು. ಅಧಿಕೃತ ಯೋಜನೆಯ ಹೊಸ ಆವೃತ್ತಿಯನ್ನು ಅದಕ್ಕೆ ಹಾಕಿದ ಕೂಡಲೇ ಜೈರೊ ಕಾಣೆಯಾಯಿತು, ಮೋಟಾರುಗಳು ಆರ್ಮ್ ಆಗಲಿಲ್ಲ, ಅಂದರೆ ತಿರುಗಲು ಸಜ್ಜಾಗಲಿಲ್ಲ. ಅಂದರೆ ಕಂಪನಿಯವರು ಆ ಚಿಪ್‌ಗೆ ಡ್ರೈವರ್ (ಚಿಪ್ ಜೊತೆ ಮಾತಾಡುವ ಕೋಡು) ಬರೆದು ಮುಕ್ತ ಕೋಡಿನೊಳಗೆ ಸೇರಿಸಿದ್ದರು, ಆದರೆ ಅದನ್ನು ಎಲ್ಲಿಯೂ ಪ್ರಕಟಿಸಿರಲಿಲ್ಲ. ತಿರುಗುವ ರೆಕ್ಕೆಗಳಿರುವ ಸಾಧನವೊಂದು ತನ್ನ ಓಲಾಟವನ್ನು ಹೇಗೆ ಅಳೆಯುತ್ತಿದೆ ಎಂಬುದನ್ನು ಅದರ ಒಡೆಯನೇ ನೋಡಲಾಗದ ಸ್ಥಿತಿ ಅದು. ಆ ಕೋಡನ್ನು ಪಡೆಯಲು ನಾನು ನಾಲ್ಕು ಪತ್ರ ಬರೆಯಬೇಕಾಯಿತು. ಮೊದಲ ಎರಡು ಪತ್ರಗಳು ವ್ಯರ್ಥವಾದದ್ದಕ್ಕೆ ನನ್ನ ಸಿದ್ಧತೆಯ ಕೊರತೆಯೇ ಅರ್ಧ ಕಾರಣ. ನೀವು ಆ ಅರ್ಧವನ್ನು ತಪ್ಪಿಸಿಕೊಳ್ಳಬಹುದು.

ಮೊದಲ ಹೆಜ್ಜೆ: ಯಾವ ಪರವಾನಗಿ ಎಂಬುದನ್ನು ಗೊತ್ತುಮಾಡಿಕೊಳ್ಳಿ

ಮುಕ್ತ ತಂತ್ರಾಂಶ ಎಂದ ಮಾತ್ರಕ್ಕೆ ಮೂಲಕೋಡು ಕೇಳುವ ಹಕ್ಕು ತಾನಾಗಿ ಬರುವುದಿಲ್ಲ. ಪಿಎಕ್ಸ್4 ಎಂಬ ಆಟೋಪೈಲಟ್ ತಂತ್ರಾಂಶ ಬಿಎಸ್‌ಡಿ ಪರವಾನಗಿಯಡಿ ಇದೆ. ಅದನ್ನು ತಿದ್ದಿ, ತಿದ್ದಿದ್ದನ್ನು ಮುಚ್ಚಿಟ್ಟು ಮಾರಿದರೂ ಉಲ್ಲಂಘನೆಯಾಗುವುದಿಲ್ಲ. ಹಕ್ಕುಸ್ವಾಮ್ಯದ ಸೂಚನೆಯನ್ನೂ ಷರತ್ತುಗಳ ಪಠ್ಯವನ್ನೂ ಸಾಧನದ ಜೊತೆಗೆ ಕೊಡದಿದ್ದರೆ ತಪ್ಪಾಗುತ್ತದೆ. ಹಕ್ಕುಸ್ವಾಮ್ಯ ಪೂರ್ತಿಯಾಗಿ ಯಾರಿಗೆ ಸೇರಿದೆಯೋ ಅವರು ತಮ್ಮ ಮುಂದಿನ ಕೃತಿಯನ್ನು ಮುಚ್ಚಿಡುವುದೂ ಉಲ್ಲಂಘನೆಯಲ್ಲ. ಇಎಸ್‌ಸಿಗಳ ಬಿಎಲ್‌ಹೆಲಿ ತಂತ್ರಾಂಶದ ಹಳೆಯ ಆವೃತ್ತಿಗಳು ಮುಕ್ತವಾಗಿದ್ದವು, ಆಮೇಲೆ ಬಂದ ಬಿಎಲ್‌ಹೆಲಿ32 ಮುಚ್ಚಿದ್ದಾಗಿತ್ತು. 2024ರಲ್ಲಿ ಅದು ನಿಂತುಹೋದಾಗ ಬಹಳ ಮಂದಿ ಮುಕ್ತವಾಗಿದ್ದ ಎಎಂ32ರ ಕಡೆಗೆ ಹೊರಳಿದರು. ಅದು ಬಳಕೆದಾರರಿಗೆ ತೊಂದರೆ ಕೊಟ್ಟ ಸಂಗತಿ, ನಿಜ. ಪರವಾನಗಿಯ ದೂರಿಗೆ ಮಾತ್ರ ಅದು ವಿಷಯವಲ್ಲ.

ಹಾಗೆಯೇ ಒಂದು ಬೋರ್ಡು ಬೀಟಾಫ್ಲೈಟ್‌ನ ಕಾನ್ಫಿಗರೇಟರ್ (ಬೋರ್ಡಿನ ಸೆಟ್ಟಿಂಗ್ ಬದಲಿಸುವ ಕಂಪ್ಯೂಟರ್ ತಂತ್ರಾಂಶ) ಜೊತೆ ಮಾತಾಡುತ್ತದೆ, ಮ್ಯಾವ್‌ಲಿಂಕ್ ಸಂದೇಶ ಕಳಿಸುತ್ತದೆ, ಡಿಶಾಟ್ ಸಂಕೇತಕ್ಕೆ ಓಗೊಡುತ್ತದೆ ಎಂಬುದು ಪುರಾವೆಯಾಗದು. ಪ್ರೊಟೊಕಾಲ್ ಎಂದರೆ ಆಡುವ ಭಾಷೆ; ಅದನ್ನು ಯಾರು ಬೇಕಾದರೂ ತಮ್ಮದೇ ಕೋಡಿನಲ್ಲಿ ಆಡಬಹುದು. ನೀವು ತೋರಿಸಬೇಕಾದದ್ದು ಒಳಗಿರುವ ಕೋಡೇ ಅದು ಎಂಬುದನ್ನು.

ಎರಡನೆಯ ಹೆಜ್ಜೆ: ಪುರಾವೆ ಕೂಡಿಸಿ

ಬೋರ್ಡನ್ನು ಕೊಂಡ ಸ್ಥಿತಿಯಲ್ಲೇ ಕಂಪ್ಯೂಟರಿಗೆ ಜೋಡಿಸಿ. ಹೊಸ ಫರ್ಮ್‌ವೇರ್ ಹಾಕುವ ಮೊದಲು ಈ ಕೆಲಸ ಆಗಬೇಕು, ಏಕೆಂದರೆ ಒಮ್ಮೆ ಅಳಿಸಿದರೆ ಕಂಪನಿ ಏನು ಕೊಟ್ಟಿತ್ತು ಎಂದು ತೋರಿಸಲು ನಿಮ್ಮ ಬಳಿ ಏನೂ ಉಳಿಯುವುದಿಲ್ಲ. ನನ್ನ ಮೊದಲ ಪತ್ರ ಬಿದ್ದುಹೋದದ್ದು ಇಲ್ಲಿಯೇ: ನಾನು ಆಗಲೇ ಅಳಿಸಿಬಿಟ್ಟಿದ್ದೆ, ಅಂಥ ಫರ್ಮ್‌ವೇರನ್ನು ತಾವು ಕೊಟ್ಟೇ ಇಲ್ಲ ಎಂದು ಅವರು ಹೇಳಿದರು, ಅದೇ ಮಾದರಿಯ ಇನ್ನೊಂದು ಬೋರ್ಡನ್ನು ಗೆಳೆಯರೊಬ್ಬರಿಂದ ತರಬೇಕಾಯಿತು.

ಬೀಟಾಫ್ಲೈಟ್ ಕುಟುಂಬದ ತಂತ್ರಾಂಶವಾದರೆ ಕಾನ್ಫಿಗರೇಟರ್‌ನ ಸಿಎಲ್‌ಐ (ಆದೇಶ ಟೈಪ್ ಮಾಡುವ) ಪುಟದಲ್ಲಿ ‘ವರ್ಷನ್’ ಎಂಬ ಆದೇಶ ಕೊಡಿ. ಒಂದೇ ಸಾಲಿನಲ್ಲಿ ತಂತ್ರಾಂಶದ ಹೆಸರು, ಚಿಪ್‌ನ ಹೆಸರು, ಆವೃತ್ತಿಯ ಸಂಖ್ಯೆ, ಕಂಪೈಲ್ ಆದ (ಮೂಲಕೋಡಿನಿಂದ ಫರ್ಮ್‌ವೇರ್ ಕಟ್ಟಿದ) ದಿನ ಮತ್ತು ಹೊತ್ತು, ಅದರ ಪಕ್ಕದ ಆವರಣದಲ್ಲಿ ಕಮಿಟ್‌ನ (ಗಿಟ್ ಎಂಬ ಕೋಡ್ ಇತಿಹಾಸದ ವ್ಯವಸ್ಥೆಯಲ್ಲಿ ದಾಖಲಾದ ಬದಲಾವಣೆಯ) ಚುಟುಕು ಹ್ಯಾಷ್, ಅಂದರೆ ಗುರುತಿನ ಸಂಖ್ಯೆ, ಕಾಣುತ್ತವೆ. ಇಡೀ ತನಿಖೆಯಲ್ಲಿ ಅತಿ ಹೆಚ್ಚು ಬೆಲೆಯುಳ್ಳದ್ದು ಈ ಹ್ಯಾಷ್. ಅದನ್ನು ಯೋಜನೆಯ ಸಾರ್ವಜನಿಕ ಕೋಡ್ ಭಂಡಾರದಲ್ಲಿ ಹುಡುಕಿ. ಅಲ್ಲಿ ಸಿಗದಿದ್ದರೆ ಕಂಪನಿ ತನ್ನದೇ ಪ್ರತಿಯಲ್ಲಿ ಬದಲಾವಣೆ ಮಾಡಿ ಕಟ್ಟಿದೆ ಎಂದು ಊಹಿಸಬಹುದು. ಸಿಕ್ಕಿಯೂ ಬೋರ್ಡಿನ ನಡವಳಿಕೆ ಬೇರೆಯಾಗಿದ್ದರೆ, ದಾಖಲಿಸದ ಬದಲಾವಣೆಗಳ ಮೇಲೆ ಕಂಪೈಲ್ ಮಾಡಿರಬಹುದು. ಹ್ಯಾಷ್ ಇರಬೇಕಾದ ಜಾಗದಲ್ಲಿ ‘ನೋರಿವಿಷನ್’ ಎಂದು ಬಂದರೆ, ಕಮಿಟ್ ಮಾಡದ ಬದಲಾವಣೆಗಳಿದ್ದ ಪ್ರತಿಯಿಂದ ಕಟ್ಟಿರಬಹುದು. ಈ ಸಾಲನ್ನೂ, ‘ಸ್ಟೇಟಸ್’ ಮತ್ತು ‘ಡಂಪ್’ ಆದೇಶಗಳ ಉತ್ತರವನ್ನೂ ಪಠ್ಯವಾಗಿ ಉಳಿಸಿಕೊಳ್ಳಿ. ಆರ್ಡುಪೈಲಟ್ ಆದರೆ ಬೋರ್ಡು ಎಚ್ಚರಗೊಂಡ ಮೇಲೆ ಗ್ರೌಂಡ್ ಸ್ಟೇಷನ್‌ನ (ನೆಲದಿಂದ ಡ್ರೋನನ್ನು ಗಮನಿಸುವ ತಂತ್ರಾಂಶದ) ಸಂದೇಶಗಳಲ್ಲಿ ಆವೃತ್ತಿಯೂ ಹ್ಯಾಷೂ ಒಟ್ಟಿಗೆ ಕಾಣಿಸುತ್ತವೆ.

ಕೆಲವು ಕಂಪನಿಗಳು ಹೆಸರನ್ನೇ ಬದಲಿಸಿ ತಮ್ಮ ಸ್ವಂತ ತಂತ್ರಾಂಶವೆಂದು ಹೇಳುತ್ತವೆ. ಆಗ ಕಂಪನಿಯ ತಾಣದಲ್ಲಿ ಸಿಗುವ ಫರ್ಮ್‌ವೇರ್ ಕಡತವನ್ನು ಇಳಿಸಿಕೊಂಡು, ಇಳಿಸಿದ ದಿನಾಂಕ, ವಿಳಾಸ, ಕಡತದ ಎಸ್‌ಎಚ್‌ಎ256 ಮೊತ್ತ (ಕಡತದ ಬೆರಳಚ್ಚಿನಂಥ ಅಂಕಿ) ಬರೆದಿಡಿ. ಹೆಕ್ಸ್ ರೂಪದ ಕಡತದಲ್ಲಿ ಎಲ್ಲವೂ ಹದಿನಾರರ ಮಾನದ ಅಂಕಿಗಳಾಗಿರುವುದರಿಂದ ಅದರೊಳಗೆ ನೇರವಾಗಿ ಪದ ಹುಡುಕಿದರೆ ಏನೂ ಸಿಗದು. ಮೊದಲು ‘ಆಬ್ಜ್‌ಕಾಪಿ’ಯಿಂದ ಬೈನರಿಗೆ ಬದಲಾಯಿಸಿ, ಆಮೇಲೆ ಒಳಗಿನ ಪದಗಳನ್ನು ಹೆಕ್ಕಿಕೊಡುವ ‘ಸ್ಟ್ರಿಂಗ್ಸ್’ ಓಡಿಸಿ. ಸಿಎಲ್‌ಐ ಇರುವ ತಂತ್ರಾಂಶದಲ್ಲಿ ಸೆಟ್ಟಿಂಗ್‌ಗಳ ಹೆಸರುಗಳು ಅಕ್ಷರಶಃ ಚಿಪ್‌ನಲ್ಲಿ ಇರಲೇಬೇಕು. ‘ಫೇಲ್‌ಸೇಫ್_ಪ್ರೊಸೀಜರ್’, ‘ಸ್ಮಾಲ್_ಆಂಗಲ್’ ಮುಂತಾದ ಹತ್ತಾರು ಹೆಸರುಗಳು ಮೂಲ ಯೋಜನೆಯಲ್ಲಿರುವ ಕ್ರಮದಲ್ಲೇ ಸಾಲಾಗಿ ಕಂಡರೆ ಆಕಸ್ಮಿಕ ಎನ್ನುವ ವಾದ ನಿಲ್ಲುವುದಿಲ್ಲ. ದೋಷಸಂದೇಶಗಳಲ್ಲಿ ಉಳಿದಿರುವ ಕಾಗುಣಿತದ ತಪ್ಪುಗಳು ಇನ್ನೂ ಬಲವಾದ ಸಾಕ್ಷಿ.

ಡಿಜಿಟಲ್ ವಿಡಿಯೊ ಕಳಿಸುವ ಘಟಕಗಳನ್ನೂ ಅದನ್ನು ನೋಡುವ ಗಾಗಲ್ಸ್‌ಗಳನ್ನೂ ಬಿಡಬೇಡಿ. ಅವುಗಳಲ್ಲಿ ಲಿನಕ್ಸ್ ಓಡುತ್ತಿದ್ದರೆ ಅದರ ತಿರುಳಾದ ಕರ್ನಲ್, ಮೂಲ ಆದೇಶಗಳ ಕಟ್ಟಾದ ಬಿಸಿಬಾಕ್ಸ್, ಸಾಧನವನ್ನು ಎಬ್ಬಿಸುವ ಬೂಟ್‌ಲೋಡರ್ ಆದ ಯು-ಬೂಟ್ ಮೂರೂ ಜಿಪಿಎಲ್‌ನ ಎರಡನೆಯ ಆವೃತ್ತಿಯವು. ಅಲ್ಲಿ ಕಂಪನಿ ಬರೆದ ವಿಡಿಯೊ ತಂತ್ರಾಂಶ ಮುಚ್ಚಿದ್ದಾಗಿರಬಹುದು, ಅದು ಅವರ ಹಕ್ಕು. ಆದರೆ ಆ ಮೂರರ ಮೂಲಕೋಡನ್ನು ಕೊಡಲೇಬೇಕು.

ಮೂರನೆಯ ಹೆಜ್ಜೆ: ಈಗಾಗಲೇ ಕೊಟ್ಟಿದ್ದಾರೆಯೇ ನೋಡಿ

ಆಪಾದನೆ ಮಾಡುವ ಮುನ್ನ ಪೆಟ್ಟಿಗೆಯಲ್ಲಿ ಬಂದ ಚೀಟಿ, ಕೈಪಿಡಿಯ ಕೊನೆಯ ಪುಟ, ಸಾಧನದ ಮೆನುವಿನಲ್ಲಿರುವ ಕಾನೂನು ಮಾಹಿತಿ, ಕಂಪನಿಯ ಡೌನ್‌ಲೋಡ್ ಪುಟ, ಅವರ ಹೆಸರಿನ ಕೋಡ್ ಭಂಡಾರ ಎಲ್ಲವನ್ನೂ ನೋಡಿ. ಫರ್ಮ್‌ವೇರನ್ನು ಜಾಲತಾಣದಲ್ಲಿ ಇಳಿಸಿಕೊಳ್ಳಲು ಕೊಡುವವರು ಮೂಲಕೋಡಿಗೂ ಅಷ್ಟೇ ಸುಲಭದ ದಾರಿ ಕೊಡಬೇಕು, ಬೇರೆ ಕಡೆ ಇಟ್ಟಿದ್ದರೆ ಅದು ಎಲ್ಲಿದೆಯೆಂದು ಫರ್ಮ್‌ವೇರ್‌ನ ಪಕ್ಕದಲ್ಲೇ ಹೇಳಬೇಕು. ಸಾಧನದ ಜೊತೆ ಲಿಖಿತ ಭರವಸೆ ಕೊಟ್ಟಿದ್ದರೆ ಅದು ಕನಿಷ್ಠ 3 ವರ್ಷ ಊರ್ಜಿತವಾಗಿರಬೇಕು. ಮೂರನೆಯ ಆವೃತ್ತಿಯ ಪ್ರಕಾರ, ಅದಾದ ಮೇಲೂ ಆ ಮಾದರಿಗೆ ಬಿಡಿಭಾಗ ಅಥವಾ ಗ್ರಾಹಕ ನೆರವು ಕೊಡುತ್ತಿರುವವರೆಗೂ ಊರ್ಜಿತವಾಗಿರಬೇಕು. ಕಂಪನಿ ತನ್ನ ಬದಲಾವಣೆಯನ್ನು ಮೂಲ ಯೋಜನೆಗೇ ಸೇರಿಸಿರಬಹುದು. ಹಾಗಿದ್ದರೆ ಸಂತೋಷ, ಅಲ್ಲಿಗೆ ಪಯಣ ಮುಗಿಯಿತು.

ನಾಲ್ಕನೆಯ ಹೆಜ್ಜೆ: ಪತ್ರ ಬರೆಯಿರಿ

ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. “ನೀವು ಜಿಪಿಎಲ್ ಉಲ್ಲಂಘಿಸುತ್ತಿದ್ದೀರಿ, ಕೋಡ್ ಬಿಡುಗಡೆ ಮಾಡಿ” ಎಂಬ ಒಂದು ಸಾಲಿನ ಪತ್ರವನ್ನು ಗ್ರಾಹಕ ನೆರವಿನ ವಿಭಾಗದವರು ಏನು ಮಾಡಬೇಕೆಂದು ತಿಳಿಯದೆ ಬದಿಗಿಡುತ್ತಾರೆ. ಪತ್ರ ಓದುವವರು ಎಂಜಿನಿಯರ್ ಅಲ್ಲ, ವಕೀಲರೂ ಅಲ್ಲ ಎಂದು ಎಣಿಸಿಯೇ ಬರೆಯಬೇಕು. ಅವರು ಅದನ್ನು ಹಾಗೆಯೇ ಎಂಜಿನಿಯರಿಗೆ ದಾಟಿಸುವಂತಿರಬೇಕು. ನನ್ನ ಮೂರನೆಯ ಪತ್ರದ ತಿರುಳು ಹೀಗಿತ್ತು:

“ನಿಮ್ಮ ಕಂಪನಿಯ ಈ ಮಾದರಿಯ ಫ್ಲೈಟ್ ಕಂಟ್ರೋಲರನ್ನು ನಾನು ಈ ದಿನಾಂಕದಂದು ಕೊಂಡಿದ್ದೇನೆ, ರಸೀದಿ ಲಗತ್ತಿಸಿದೆ. ಅದರಲ್ಲಿ ಬೀಟಾಫ್ಲೈಟ್ ತಂತ್ರಾಂಶದ ತಿದ್ದಿದ ಪ್ರತಿಯಿದೆ. ಬೋರ್ಡು ತಾನೇ ತಿಳಿಸಿದ ಆವೃತ್ತಿಯ ಸಾಲು ಕೆಳಗಿದೆ. ಈ ತಂತ್ರಾಂಶ ಜಿಪಿಎಲ್ ಮೂರನೆಯ ಆವೃತ್ತಿಗೆ ಒಳಪಟ್ಟಿದ್ದು, ಅದರ 6ನೆಯ ವಿಧಿಯ ಪ್ರಕಾರ ನನ್ನ ಬೋರ್ಡಿನಲ್ಲಿರುವ ಇದೇ ಆವೃತ್ತಿಗೆ ಹೊಂದುವ ಸಂಪೂರ್ಣ ಮೂಲಕೋಡನ್ನು, ಜೈರೊ ಡ್ರೈವರ್ ಮತ್ತು ಕಂಪೈಲ್ ಮಾಡುವ ಸ್ಕ್ರಿಪ್ಟ್‌ಗಳೂ ಸೇರಿದಂತೆ, ಕಳಿಸಿಕೊಡಬೇಕೆಂದು ಕೋರುತ್ತೇನೆ. ಕಡತವನ್ನು ಇಳಿಸಿಕೊಳ್ಳುವ ಕೊಂಡಿಯಾದರೂ ಸಾಕು. ಎರಡು ವಾರಗಳೊಳಗೆ ಉತ್ತರ ಬಂದರೆ ಉಪಕಾರವಾಗುತ್ತದೆ.”

ಇದರಲ್ಲಿ ಬೆದರಿಕೆಯಿಲ್ಲ. ಯಾವ ವಸ್ತು, ಯಾವ ಆವೃತ್ತಿ, ಯಾವ ವಿಧಿ, ಏನು ಬೇಕು, ಎಂದಿಗೆ ಬೇಕು ಎಂಬುದಿದೆ. ‘ಸಂಪೂರ್ಣ’ ಮತ್ತು ‘ಇದೇ ಆವೃತ್ತಿಗೆ ಹೊಂದುವ’ ಎಂಬ ಪದಗಳನ್ನು ಬಿಡಲೇಬಾರದು. ನನ್ನ ಎರಡನೆಯ ಪತ್ರದಲ್ಲಿ ಅವಿರಲಿಲ್ಲ. ಉತ್ತರವಾಗಿ ಅಧಿಕೃತ ಯೋಜನೆಯ ವಿಳಾಸವನ್ನೇ ಕಳಿಸಿ ಕೈತೊಳೆದುಕೊಂಡರು. ಮಾರಿದ ಅಂಗಡಿಗೂ ಪ್ರತಿ ಕಳಿಸಿ, ಏಕೆಂದರೆ ಫರ್ಮ್‌ವೇರ್ ತುಂಬಿದ ಬೋರ್ಡನ್ನು ಮಾರುವವರೂ ಅದನ್ನು ಹಂಚುವವರೇ. ತಯಾರಕರು ಗ್ರಾಹಕನ ಪತ್ರಕ್ಕಿಂತ ತಮ್ಮ ಮಾರಾಟಗಾರನ ಪತ್ರಕ್ಕೆ ಬೇಗ ಉತ್ತರಿಸುತ್ತಾರೆ.

ಕೆಲವು ನೆಪಗಳು ಮತ್ತೆ ಮತ್ತೆ ಬರುತ್ತವೆ. ಗೌಪ್ಯತೆಯ ಕರಾರಿಗೆ ಸಹಿ ಹಾಕಿದರೆ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಪಡೆದವರ ಹಕ್ಕುಗಳ ಮೇಲೆ ಹೆಚ್ಚುವರಿ ನಿರ್ಬಂಧ ಹೇರುವುದನ್ನು ಪರವಾನಗಿಯೇ ತಡೆಯುತ್ತದೆ. ಚಿಪ್ ತಯಾರಕರೊಂದಿಗಿನ ಒಪ್ಪಂದ ಅಡ್ಡಬರುತ್ತದೆ ಎಂದರೆ, ಮೂರನೆಯ ಆವೃತ್ತಿಯ 12ನೆಯ ವಿಧಿ ಅದಕ್ಕೆ ನೇರ ಉತ್ತರ ಕೊಡುತ್ತದೆ: ಎರಡೂ ಕಟ್ಟುಪಾಡುಗಳನ್ನು ಒಟ್ಟಿಗೆ ಪಾಲಿಸಲಾಗದಿದ್ದರೆ ಆ ತಂತ್ರಾಂಶವನ್ನು ಹಂಚಲೇಬಾರದು. ಇದು ಪರೀಕ್ಷಾ ಆವೃತ್ತಿ, ಇನ್ನೂ ಬಿಡುಗಡೆಯಾಗಿಲ್ಲ ಎಂದರೆ, ಅದು ನಿಮ್ಮ ಕೈಗೆ ಬಂದಿರುವುದೇ ಹಂಚಿಕೆ ಎಂದು ತಿಳಿಸಿ. ಬೇರೆ ಚಿಪ್‌ನಲ್ಲಿ ಪ್ರತ್ಯೇಕವಾಗಿ ಓಡುತ್ತಾ ಸೀರಿಯಲ್ ತಂತಿಯಲ್ಲಿ ಮಾತಾಡುವ ತಂತ್ರಾಂಶ ನಮ್ಮದು ಎಂಬ ಉತ್ತರ ಮಾತ್ರ ಸಾಮಾನ್ಯವಾಗಿ ನ್ಯಾಯವಾದದ್ದು, ಅದನ್ನು ಗೌರವಿಸಿ. ಜಿಪಿಎಲ್ ಕೋಡಿನ ಜೊತೆ ಒಂದೇ ಫರ್ಮ್‌ವೇರ್ ಆಗಿ ಬೆಸೆದ ಮುಚ್ಚಿದ ಲೈಬ್ರರಿಗೆ ಆ ರಿಯಾಯಿತಿ ಸಲ್ಲುವುದಿಲ್ಲ.

ಐದನೆಯ ಹೆಜ್ಜೆ: ಕೊಟ್ಟದ್ದನ್ನು ಕಂಪೈಲ್ ಮಾಡಿ ನೋಡಿ

ಜಿಪ್ ಕಡತ ಬಂತೆಂದು ಧನ್ಯವಾದ ಹೇಳಿ ಕೂರಬೇಡಿ. ಮೂರನೆಯ ಪತ್ರಕ್ಕೆ ನನಗೆ ಬಂದ ಜಿಪ್ ನೋಡಲು ಪೂರ್ತಿಯಾಗಿಯೇ ಇತ್ತು. ಅಧಿಕೃತ ಬಿಡುಗಡೆಯ ಕೋಡಿನೊಂದಿಗೆ ಹೋಲಿಸಿದಾಗ ವ್ಯತ್ಯಾಸವಿದ್ದದ್ದು ಮೂರು ಕಡತಗಳಲ್ಲಿ. ಬೋರ್ಡಿನ ಹೆಸರು ಸೇರಿಸಿದ್ದರು, ಜೈರೊಗಳ ಪಟ್ಟಿಗೆ ಹೊಸ ಚಿಪ್‌ನ ಹೆಸರು ಸೇರಿಸಿದ್ದರು, ಅದರ ಹೆಡರ್ ಕಡತವನ್ನು ಕರೆಯುವ ಒಂದು ಸಾಲು ಸೇರಿಸಿದ್ದರು. ಕಂಪೈಲ್ ಮಾಡಿದರೆ ಆ ಸಾಲಿಗೇ ಬಂದು ನಿಂತಿತು: ಆ ಹೆಸರಿನ ಕಡತ ಇಲ್ಲ. ಡ್ರೈವರನ್ನು ತೆಗೆದು ಮಿಕ್ಕದ್ದನ್ನು ಕಳಿಸಿದ್ದರು. ನಾಲ್ಕನೆಯ ಪತ್ರದಲ್ಲಿ ನಾನು ಬರೆದದ್ದು ಆ ದೋಷಸಂದೇಶ ಮತ್ತು ಕಡತದ ಹೆಸರು, ಅಷ್ಟೇ. ಉತ್ತರವಾಗಿ ಎರಡು ಕಡತಗಳು ಬಂದವು, ಒಂದು ಮಾತೂ ಇರಲಿಲ್ಲ.

ಆ ಡ್ರೈವರನ್ನು ಓದುವಾಗ ಒಂದು ಕಡೆ ಕಣ್ಣು ನಿಂತಿತು. ಜೈರೊದಿಂದ ಮಾಹಿತಿ ಓದಲಾಗದಿದ್ದರೆ ವಿಫಲವೆಂದು ಮೇಲಕ್ಕೆ ತಿಳಿಸಬೇಕಾದ ಜಾಗದಲ್ಲಿ, ಹಿಂದಿನ ಅಳತೆಯನ್ನೇ ಮತ್ತೆ ಕೊಟ್ಟು ‘ಸರಿ’ ಎಂದು ಹಿಂದಿರುಗುತ್ತಿತ್ತು. ಒಂದೆರಡು ಸಲ ಹಾಗಾದರೆ ಯಾರಿಗೂ ತಿಳಿಯದು. ತಂತಿ ಸಡಿಲವಾಗಿ ಸತತವಾಗಿ ಹಾಗಾದರೆ ಡ್ರೋನ್ ತಾನು ಅಲುಗಾಡುತ್ತಿಲ್ಲವೆಂದೇ ನಂಬಿ ಮಗುಚಿಕೊಳ್ಳುತ್ತದೆ. ಯಾರೋ ಅವಸರದಲ್ಲಿ ಬರೆದ ನಾಲ್ಕು ಸಾಲು ಅದು, ದುರುದ್ದೇಶವೇನೂ ಕಾಣಲಿಲ್ಲ. ತೆರೆದಿಟ್ಟಿದ್ದರೆ ಮೊದಲ ವಾರದಲ್ಲೇ ಯಾರಾದರೂ ತಿದ್ದಿಕೊಡುತ್ತಿದ್ದರು. ಮೂಲಕೋಡಿಗಾಗಿ ಇಷ್ಟು ಪಟ್ಟು ಹಿಡಿಯುವುದೇಕೆ ಎಂದು ಕೇಳುವವರಿಗೆ ನಾನು ಆ ನಾಲ್ಕು ಸಾಲುಗಳನ್ನು ತೋರಿಸುತ್ತೇನೆ.

ಕಂಪೈಲ್ ಆದ ಮೇಲೆ ರೆಕ್ಕೆಗಳನ್ನು ಬಿಚ್ಚಿಟ್ಟು, ನೀವು ಕಟ್ಟಿದ ಫರ್ಮ್‌ವೇರನ್ನು ಬೋರ್ಡಿಗೆ ಹಾಕಿ ನೋಡಿ. ಅದು ಹಾಕಲು ಬರಲೇಬೇಕೆಂಬುದೂ ಮೂರನೆಯ ಆವೃತ್ತಿಯ ಷರತ್ತು: ಮನೆಬಳಕೆಯ ಸಾಧನವಾದರೆ, ತಿದ್ದಿದ ತಂತ್ರಾಂಶವನ್ನು ಅದರಲ್ಲಿ ಸ್ಥಾಪಿಸಿ ಓಡಿಸಲು ಬೇಕಾದ ಮಾಹಿತಿಯನ್ನೂ, ಸಹಿಯ ಕೀಲಿಗಳು ಬೇಕಿದ್ದರೆ ಅವನ್ನೂ ಕೊಡಬೇಕು. ಕಂಪನಿಯ ಸಹಿಯಿಲ್ಲದ ಫರ್ಮ್‌ವೇರನ್ನು ಬೂಟ್‌ಲೋಡರ್ ನಿರಾಕರಿಸಿದರೆ, ಕೋಡು ಕೊಟ್ಟಿದ್ದರೂ ಪಾಲನೆ ಪೂರ್ಣವಾಗಿಲ್ಲ. ಚಿಪ್‌ನಲ್ಲಿ ಓದುವಿಕೆಯ ತಡೆ ಹಾಕಿರುವುದು ಬೇರೆ ಸಂಗತಿ. ಎಸ್‌ಟಿಎಂ32 ಚಿಪ್‌ಗಳಲ್ಲಿ ಮೊದಲ ಹಂತದ ತಡೆಯನ್ನು ತೆಗೆದರೆ ಒಳಗಿನ ಫರ್ಮ್‌ವೇರ್ ಪೂರ್ತಿ ಅಳಿಸಿಹೋಗುತ್ತದೆ, ಆದರೆ ಹೊಸದನ್ನು ಹಾಕಬಹುದು. ಹಾಗಾಗಿ ಆ ತಡೆಯೊಂದರಿಂದಲೇ ಉಲ್ಲಂಘನೆಯಾಗುವುದಿಲ್ಲ. ಎಡ್ಜ್‌ಟಿಎಕ್ಸ್‌ನಂಥ ಎರಡನೆಯ ಆವೃತ್ತಿಯ ತಂತ್ರಾಂಶಕ್ಕೆ ಕೀಲಿಗಳ ಈ ಷರತ್ತು ಇಲ್ಲ. ಸ್ಥಾಪನೆಯ ಸ್ಕ್ರಿಪ್ಟ್‌ಗಳನ್ನು ಕೊಡಬೇಕೆಂದಷ್ಟೇ ಇದೆ.

ಕಡತಗಳ ತಲೆಬರಹವನ್ನೂ ನೋಡಿ. ಬೀಟಾಫ್ಲೈಟ್‌ನ ಬಹಳಷ್ಟು ಕಡತಗಳ ಮೇಲೆ ಇಂದಿಗೂ ಕ್ಲೀನ್‌ಫ್ಲೈಟ್‌ನ ಹೆಸರಿದೆ, ಏಕೆಂದರೆ 2015ರಲ್ಲಿ ಅದು ಅಲ್ಲಿಂದ ಕವಲೊಡೆದದ್ದು. ಕ್ಲೀನ್‌ಫ್ಲೈಟ್ ಬೇಸ್‌ಫ್ಲೈಟ್‌ನಿಂದ ಬಂದದ್ದು, ಬೇಸ್‌ಫ್ಲೈಟ್ ಮಲ್ಟಿವೀಯಿಂದ. ಮಲ್ಟಿವೀ ಎಂಬ ಹೆಸರೇ ವೀ ಎಂಬ ಆಟದ ಕನ್ಸೋಲಿನ ಕೈನಿಯಂತ್ರಕದಿಂದ ಬಿಚ್ಚಿದ ಜೈರೊಗಳನ್ನು ನೆನಪಿಸುತ್ತದೆ. ಈ ವಂಶಾವಳಿಯನ್ನು ಅಳಿಸಿ ಕಂಪನಿಯ ಹೆಸರೊಂದನ್ನೇ ಬರೆದಿದ್ದರೆ ಅದು ತಾನೇ ಒಂದು ಪ್ರತ್ಯೇಕ ಉಲ್ಲಂಘನೆ.

ಆರನೆಯ ಹೆಜ್ಜೆ: ಹಕ್ಕುಸ್ವಾಮ್ಯ ಉಳ್ಳವರಿಗೆ ತಿಳಿಸಿ

ಎರಡು ಪತ್ರಗಳಿಗೆ ಉತ್ತರ ಬಾರದಿದ್ದರೆ, ಇಲ್ಲವೆ ಅಪೂರ್ಣ ಕೋಡು ಕೊಟ್ಟು ಸುಮ್ಮನಾದರೆ, ನೀವು ಕೂಡಿಸಿದ ದಾಖಲೆಗಳನ್ನು ಮೂಲ ಯೋಜನೆಯ ನಿರ್ವಾಹಕರಿಗೆ ಒಪ್ಪಿಸಿ. ಕೊಂಡವರಾಗಿ ಕೋಡು ಕೇಳುವ ಹಕ್ಕು ನಿಮಗಿದೆ, ಆದರೆ ಹಕ್ಕುಸ್ವಾಮ್ಯ ಇರುವುದು ಕೋಡು ಬರೆದವರಲ್ಲಿ, ಮತ್ತು ಕಾನೂನಿನ ಗಡಿಯಾರ ಓಡಲು ಶುರುವಾಗುವುದು ಅವರು ಕಳಿಸುವ ಸೂಚನೆಯಿಂದ. ಮೂರನೆಯ ಆವೃತ್ತಿಯ 8ನೆಯ ವಿಧಿ ಹೀಗಿದೆ: ಉಲ್ಲಂಘಿಸಿದವರ ಪರವಾನಗಿ ರದ್ದಾಗುತ್ತದೆ, ಆ ಹಕ್ಕುದಾರರಿಂದ ಮೊದಲ ಸಲ ಸೂಚನೆ ಪಡೆದವರು 30 ದಿನಗಳೊಳಗೆ ಸರಿಪಡಿಸಿಕೊಂಡರೆ ಅದು ಶಾಶ್ವತವಾಗಿ ಮರಳುತ್ತದೆ. ತಪ್ಪು ತಿದ್ದಿಕೊಳ್ಳುವವರಿಗೆ ಬಾಗಿಲು ತೆರೆದಿಟ್ಟ ಈ ಏರ್ಪಾಡನ್ನು ನಿಮ್ಮ ಪತ್ರದಲ್ಲೂ ಹೇಳಬಹುದು, ಕಂಪನಿಗೆ ಅದು ಲಾಭವೇ. 2007ರ ಈ ಮೂರನೆಯ ಆವೃತ್ತಿಗೆ ಮುಂಚಿನ ಎರಡನೆಯ ಆವೃತ್ತಿಯಲ್ಲಿ ಈ ಅವಕಾಶವಿಲ್ಲ.

ನಿರ್ವಾಹಕರಿಗೆ ಕಳಿಸುವಾಗ ಆವೃತ್ತಿಯ ಸಾಲು, ಕಡತದ ಮೊತ್ತ, ಪತ್ರವ್ಯವಹಾರ ದಿನಾಂಕದ ಕ್ರಮದಲ್ಲಿ, ಕಂಪೈಲ್ ದೋಷ ಇವಿಷ್ಟೂ ಒಂದೇ ಕಡೆ ಇರಲಿ. ಅವರು ಬಿಡುವಿನ ವೇಳೆಯಲ್ಲಿ ದುಡಿಯುವವರು. ನಿಮ್ಮ ಅಚ್ಚುಕಟ್ಟು ಅವರ ಒಂದು ವಾರಾಂತ್ಯವನ್ನು ಉಳಿಸುತ್ತದೆ. ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಸಂಸ್ಥೆಯೂ ಇಂಥ ದೂರುಗಳನ್ನು ಸ್ವೀಕರಿಸುತ್ತದೆ. ಕೊಂಡವರೇ ನ್ಯಾಯಾಲಯದಲ್ಲಿ ಮೂಲಕೋಡು ಕೇಳಬಹುದೇ ಎಂಬ ಪ್ರಶ್ನೆಯನ್ನಿಟ್ಟುಕೊಂಡು ಅದು 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟಿವಿ ತಯಾರಕ ವಿಜಿಯೊ ಮೇಲೆ ಮೊಕದ್ದಮೆ ಹೂಡಿತು. ಹವ್ಯಾಸಿಗಳ ಪರವಾನಗಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ ಎಂದು ಯಾರಾದರೂ ಹೇಳಿದರೆ, ಅಮೆರಿಕದ ಫೆಡರಲ್ ಸರ್ಕಿಟ್ ನ್ಯಾಯಾಲಯ 2008ರಲ್ಲಿ ಜೇಕಬ್‌ಸನ್ ಮತ್ತು ಕಾಟ್ಜರ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ನೆನಪಿಸಿ. ಅಲ್ಲಿ ವಿವಾದಕ್ಕೊಳಗಾದದ್ದು ಆಟಿಕೆ ರೈಲುಗಳನ್ನು ಓಡಿಸುವ ಹವ್ಯಾಸಿಗಳು ಬರೆದ ತಂತ್ರಾಂಶ, ಮತ್ತು ಮುಕ್ತ ಪರವಾನಗಿಯ ಷರತ್ತುಗಳನ್ನು ಮುರಿದರೆ ಹಕ್ಕುಸ್ವಾಮ್ಯದ ಉಲ್ಲಂಘನೆಯಾಗಬಹುದು ಎಂದು ನ್ಯಾಯಾಲಯ ಒಪ್ಪಿಕೊಂಡಿತು.

ಸಾರ್ವಜನಿಕವಾಗಿ ಬರೆಯುವುದು ಇವೆಲ್ಲ ಆದ ಮೇಲಿನ ಮಾತು. ಬರೆದರೂ ನಿಮ್ಮ ಕೈಯಲ್ಲಿರುವ ದಾಖಲೆ ಏನು ಹೇಳುತ್ತದೆಯೋ ಅಷ್ಟನ್ನೇ ಬರೆಯಿರಿ. ಇಂಥ ದಿನ ಕೇಳಿದೆ, ಇಂಥ ಉತ್ತರ ಬಂತು, ಕಂಪೈಲ್ ಇಲ್ಲಿ ನಿಂತಿತು. ಕಳ್ಳತನ, ಮೋಸ ಎಂಬ ಪದಗಳು ನಿಮ್ಮನ್ನೇ ತೊಂದರೆಗೆ ಸಿಲುಕಿಸಬಹುದು, ಮೇಲಾಗಿ ನಾಳೆ ಕೋಡು ಕೊಡಬೇಕೆಂದಿದ್ದ ಎಂಜಿನಿಯರಿನ ಮನಸ್ಸನ್ನೂ ಮುರಿಯುತ್ತವೆ.

ಕೋಡು ಕೈಸೇರಿದ ಮೇಲೆ

ಕಂಪನಿಯ ಹಕ್ಕುಸ್ವಾಮ್ಯದ ಸಾಲನ್ನೂ ಹಾಗೆಯೇ ಉಳಿಸಿಕೊಂಡು, ಬಂದ ಕೋಡನ್ನು ಬಂದಂತೆಯೇ ಮೊದಲ ಕಮಿಟ್ ಆಗಿ ಸಾರ್ವಜನಿಕ ಭಂಡಾರದಲ್ಲಿ ಇಡಿ. ಪರವಾನಗಿ ನಿಮಗೂ ಆ ಹಕ್ಕು ಕೊಡುತ್ತದೆ. ನಿಮ್ಮ ತಿದ್ದುಪಡಿಗಳು ಅದರ ಮೇಲೆ ಬೇರೆ ಕಮಿಟ್‌ಗಳಾಗಿ ಬರಲಿ. ಹಾಗಾದಾಗ ಯಾರು ಏನು ಬರೆದರು ಎಂಬುದು ಕಲಸಿಹೋಗದೆ, ಮೂಲ ಯೋಜನೆಯವರು ಅದನ್ನು ಪರಿಶೀಲಿಸಿ ಸೇರಿಸಿಕೊಳ್ಳಲು ಸುಲಭವಾಗುತ್ತದೆ. ನಾನು ಆ ಡ್ರೈವರಿನ ನಾಲ್ಕು ಸಾಲುಗಳನ್ನು ತಿದ್ದಿ, ಜೈರೊದ ತಂತಿಯನ್ನು ಬೇಕೆಂದೇ ಬಿಡಿಸಿ, ಬೋರ್ಡು ಈ ಸಲ ದೋಷವನ್ನು ಒಪ್ಪಿಕೊಂಡು ಆರ್ಮ್ ಆಗಲು ನಿರಾಕರಿಸಿದ್ದನ್ನು ಕಂಡ ಮೇಲೆಯೇ ರೆಕ್ಕೆಗಳನ್ನು ಮತ್ತೆ ಕಟ್ಟಿದೆ.